ಕಿರು ಬ್ರೊಮೀಲಿಯಾಡ್: ಮನೆಯೊಳಗೆ ಬೆಳೆಸುವ ಕ್ರಮ

ಪೀಠಿಕೆ

ಅಂಗಳವಿಲ್ಲದ ನಗರದ ಮನೆಗಳಲ್ಲಿ ಕಿಟಕಿಯ ಕಟ್ಟೆ, ಬಾಲ್ಕನಿ ಅಥವಾ ಮೇಜಿನ ಮೇಲೆ ಇಡಬಹುದಾದ ಸಣ್ಣ ಅಲಂಕಾರಿಕ ಸಸ್ಯಗಳಿಗೆ ಹೆಚ್ಚಿನ ಬೇಡಿಕೆ ಇದೆ. ಇವುಗಳ ಪೈಕಿ ಬ್ರೊಮೀಲಿಯಾಡ್ ಗುಂಪಿನ ಕಿರುಗಾತ್ರದ ಗಿಡಗಳು ಕಡಿಮೆ ಜಾಗ, ಕಡಿಮೆ ಗೊಬ್ಬರ ಮತ್ತು ಕಡಿಮೆ ಶ್ರಮದಲ್ಲಿ ವರ್ಷವಿಡೀ ಬಣ್ಣ ನೀಡುತ್ತವೆ. ಹಾಗಿದ್ದರೂ ಕೊಂಡು ತಂದ ಕೆಲವೇ ತಿಂಗಳಲ್ಲಿ ಗಿಡ ಬುಡದಲ್ಲಿ ಕೊಳೆಯಿತು, ಕೆಂಪು ಬಣ್ಣ ಹೋಗಿ ಹಸಿರಾಯಿತು, ಹೂ ಬಿಟ್ಟ ಮೇಲೆ ಒಣಗಿತು ಎಂಬ ದೂರುಗಳು ಸಾಮಾನ್ಯವಾಗಿವೆ. ಮೊದಲನೆಯ ಎರಡು ಪಾಲನೆಯಲ್ಲಿನ ದೋಷಗಳು. ಮೂರನೆಯದು ದೋಷವೇ ಅಲ್ಲ, ಅದು ಈ ಸಸ್ಯದ ಸಹಜ ಜೀವನಕ್ರಮ. ಇವೆಲ್ಲಕ್ಕಿಂತ ಮುಖ್ಯವಾಗಿ, ಎಲೆಗಳ ನಡುವೆ ನೀರು ನಿಲ್ಲುವ ಗಿಡವಾದ್ದರಿಂದ ಡೆಂಗಿ ಹರಡುವ ಸೊಳ್ಳೆಗೆ ಅದು ಆಶ್ರಯವಾಗದಂತೆ ನೋಡಿಕೊಳ್ಳುವ ಹೊಣೆ ಬೆಳೆಸುವವರ ಮೇಲಿದೆ. ಈ ಎಲ್ಲ ವಿಷಯಗಳಿಗೂ ಮೂಲವಾಗಿರುವುದು ಗಿಡದ ನಡುವಿನ ಎಲೆಬಟ್ಟಲು. ಅದರ ಕಾರ್ಯವನ್ನು ತಿಳಿದುಕೊಂಡಲ್ಲಿ ಉಳಿದ ಪಾಲನೆ ಸುಲಭವಾಗುತ್ತದೆ.

ಸಸ್ಯ ಪರಿಚಯ

ಬ್ರೊಮೀಲಿಯಾಡ್‌ಗಳು ಬ್ರೊಮೀಲಿಯೇಸಿ ಕುಟುಂಬಕ್ಕೆ ಸೇರಿದ ಏಕದಳ ಸಸ್ಯಗಳು. ಮೂರು ಸಾವಿರಕ್ಕೂ ಹೆಚ್ಚು ಪ್ರಭೇದಗಳಿರುವ ಈ ಕುಟುಂಬದಲ್ಲಿ ಪಶ್ಚಿಮ ಆಫ್ರಿಕಾದ ಒಂದೇ ಒಂದು ಪ್ರಭೇದವನ್ನು ಬಿಟ್ಟರೆ ಉಳಿದವೆಲ್ಲವೂ ಅಮೆರಿಕ ಖಂಡಗಳ ಮೂಲದವು. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಓಲೋಫ್ ಬ್ರೊಮೀಲಿಯಸ್ ಅವರ ಸ್ಮರಣಾರ್ಥ ಈ ಹೆಸರು ಬಂದಿದೆ. ಕನ್ನಡ ನಾಡಿಗೆ ಈ ಕುಟುಂಬವು ಹೊಸದೇನೂ ಅಲ್ಲ. ಪೋರ್ಚುಗೀಸರ ಮೂಲಕ 16ನೇ ಶತಮಾನದಲ್ಲಿ ಭಾರತಕ್ಕೆ ಬಂದು, ಇಂದು ಬನವಾಸಿ ಮತ್ತು ಸಾಗರ, ಸೊರಬ ಭಾಗಗಳಲ್ಲಿ ಬೆಳೆಯಾಗಿ ನೆಲೆಸಿರುವ ಅನಾನಸ್ ಇದೇ ಕುಟುಂಬದ್ದು. ಅನಾನಸ್ ಗಿಡದ ಎಲೆಗಳ ಸುತ್ತು, ಒಮ್ಮೆ ಹಣ್ಣು ಕೊಟ್ಟು ಮುಗಿಯುವ ರೀತಿ, ಬುಡದಿಂದ ಕಂದು ಹೊರಡುವ ಕ್ರಮ ಇವನ್ನು ಬಲ್ಲ ರೈತರಿಗೆ ಇಲ್ಲಿ ಹೇಳುವ ಅರ್ಧದಷ್ಟು ವಿಷಯ ಈಗಾಗಲೇ ತಿಳಿದೇ ಇರುತ್ತದೆ.

ಸಾಮಾನ್ಯವಾಗಿ 20 ಸೆಂ.ಮೀ.ಗಿಂತ ಚಿಕ್ಕದಾಗಿ ಉಳಿಯುವ ಗಿಡಗಳನ್ನು ಕಿರು ಬ್ರೊಮೀಲಿಯಾಡ್ ಎಂದು ಕರೆಯುವ ವಾಡಿಕೆ ಇದೆ. ಮನೆಯಲ್ಲಿ ಬೆಳೆಸಲು ಇವುಗಳಲ್ಲಿ ಹೆಚ್ಚು ಜನಪ್ರಿಯವಾದವು ನಿಯೊರೆಗೇಲಿಯಾ ಜಾತಿಯ ಗಿಡಗಳಾಗಿದ್ದು, ಈ ಲೇಖನವು ಅವುಗಳಿಗೇ ಸೀಮಿತವಾಗಿದೆ. ಈ ಜಾತಿಯ ಹೆಚ್ಚಿನ ಪ್ರಭೇದಗಳು ಬ್ರೆಜಿಲ್ ದೇಶದ ಅಟ್ಲಾಂಟಿಕ್ ಕರಾವಳಿ ಅರಣ್ಯಗಳಲ್ಲಿ ಕಂಡುಬರುತ್ತವೆ. ಸೇಂಟ್ ಪೀಟರ್ಸ್‌ಬರ್ಗ್ ಸಸ್ಯೋದ್ಯಾನದ ನಿರ್ದೇಶಕರಾಗಿದ್ದ ಎಡ್ವರ್ಡ್ ರೆಗೆಲ್ ಅವರ ಹೆಸರನ್ನು ಈ ಜಾತಿಗೆ ಕೊಡಲು ಹೊರಟಾಗ, ಆಸ್ಟ್ರೇಲಿಯಾದ ಬೇರೊಂದು ಸಸ್ಯಜಾತಿಗೆ ಆ ಹೆಸರು ಮೊದಲೇ ಸಂದಿತ್ತು. ಆದ್ದರಿಂದ 1934ರಲ್ಲಿ ಲೈಮನ್ ಸ್ಮಿತ್ ಅವರು 'ಹೊಸ' ಎಂಬ ಅರ್ಥದ ಪದವನ್ನು ಮುಂದೆ ಸೇರಿಸಿ ನಿಯೊರೆಗೇಲಿಯಾ ಎಂದು ನಾಮಕರಣ ಮಾಡಿದರು.

ಕಿರುಗಾತ್ರದವುಗಳಲ್ಲಿ 'ಫೈರ್‌ಬಾಲ್' ತಳಿಯು ಅತ್ಯಂತ ಪ್ರಚಲಿತ. ಒಳ್ಳೆಯ ಬೆಳಕಿನಲ್ಲಿ ಇಡೀ ಗಿಡ ಕಡುಗೆಂಪಾಗುತ್ತದೆ. ನಿಯೊರೆಗೇಲಿಯಾ ಆಂಪುಲೇಸಿಯಾ ಹೆಸರಿಗೆ ತಕ್ಕಂತೆ ಕಿರಿದಾದ ಕುಪ್ಪಿಯ ಆಕಾರದಲ್ಲಿದ್ದು, ಹಸಿರು ಎಲೆಗಳ ಮೇಲೆ ಕಂದುಗೆಂಪು ಪಟ್ಟೆಗಳನ್ನು ಹೊಂದಿರುತ್ತದೆ. ನಿಯೊರೆಗೇಲಿಯಾ ಲಿಲಿಪುಟಿಯಾನಾ ಇವೆಲ್ಲಕ್ಕಿಂತ ಚಿಕ್ಕದು, ಅಂಗೈಯಲ್ಲಿ ಹಿಡಿಸುತ್ತದೆ. ಇವುಗಳಿಂದ ಪಡೆದ ಸಂಕರಣ ತಳಿಗಳು ಹಲವಾರು. ನರ್ಸರಿಗಳಲ್ಲಿ ಹೆಸರಿನ ಚೀಟಿ ಇಲ್ಲದೆ ಮಾರಾಟವಾಗುವುದೇ ಹೆಚ್ಚು. ಪಾಲನೆಯ ದೃಷ್ಟಿಯಿಂದ ಇದರಿಂದ ದೊಡ್ಡ ತೊಂದರೆಯಿಲ್ಲ, ಏಕೆಂದರೆ ಎಲ್ಲಕ್ಕೂ ಕ್ರಮ ಒಂದೇ.

ಎಲೆಬಟ್ಟಲಿನ ಕಾರ್ಯ

ನಿಸರ್ಗದಲ್ಲಿ ಈ ಗಿಡಗಳು ಬಹುಪಾಲು ಮರದ ಕೊಂಬೆಗಳನ್ನು ಅಪ್ಪಿಕೊಂಡು ಬೆಳೆಯುತ್ತವೆ. ಇವು ಬಂದಳಿಕೆಯಂತೆ ಮರದ ರಸ ಹೀರುವ ಪರಾವಲಂಬಿಗಳಲ್ಲ. ಮಲೆನಾಡಿನ ಮರಗಳ ಮೇಲೆ ಕಾಣುವ ಸೀತಾಳೆ ದಂಡೆಯಂತೆ ಆಸರೆಯನ್ನು ಮಾತ್ರ ಪಡೆಯುವಂಥವು. ಮಣ್ಣಿನ ಸಂಪರ್ಕವಿಲ್ಲದ ಕಾರಣ ಬೇರಿನ ಮುಖ್ಯ ಕೆಲಸ ಹಿಡಿತ. ನೀರು ಮತ್ತು ಪೋಷಕಾಂಶಗಳನ್ನು ಪಡೆಯುವ ಕೆಲಸವನ್ನು ಬಹುಮಟ್ಟಿಗೆ ಎಲೆಗಳು ವಹಿಸಿಕೊಂಡಿವೆ. ಎಲೆಗಳ ಬುಡಗಳು ಒಂದನ್ನೊಂದು ಬಿಗಿಯಾಗಿ ಸುತ್ತಿಕೊಂಡು ಮಳೆನೀರು ಸೋರದಂತೆ ಹಿಡಿದಿಡುವ ಬಟ್ಟಲಾಗುತ್ತವೆ. ಆ ಬುಡಭಾಗದಲ್ಲಿರುವ ಹುರುಪೆಯಂತಹ ಸೂಕ್ಷ್ಮ ರೋಮಗಳು ನೀರನ್ನೂ ಅದರಲ್ಲಿ ಕರಗಿದ ಲವಣಗಳನ್ನೂ ಹೀರಿಕೊಳ್ಳುತ್ತವೆ. ಬಟ್ಟಲಿಗೆ ಬಿದ್ದ ತರಗೆಲೆ, ಸತ್ತ ಕೀಟ, ಹಕ್ಕಿಯ ಹಿಕ್ಕೆ ಕೊಳೆತು ಗಿಡಕ್ಕೆ ಗೊಬ್ಬರವಾಗುತ್ತದೆ. ಅಮೆರಿಕದ ಉಷ್ಣವಲಯದ ಕಾಡುಗಳಲ್ಲಿ ಇಂತಹ ಬಟ್ಟಲುಗಳು ಕಪ್ಪೆ ಮತ್ತು ಕೀಟಗಳಿಗೆ ಆಸರೆಯಾಗಿವೆ. ಜಮೈಕಾದಲ್ಲಿ ಒಂದು ಬಗೆಯ ಏಡಿಯು ದೊಡ್ಡ ಬ್ರೊಮೀಲಿಯಾಡ್‌ಗಳ ಎಲೆಕಂಕುಳ ನೀರಿನಲ್ಲಿಯೇ ಮರಿಗಳನ್ನು ಸಾಕುತ್ತದೆ.

ಮನೆಯೊಳಗೆ ಮಾಡುವ ಮೊದಲ ತಪ್ಪು ಈ ರಚನೆಯನ್ನು ಗಮನಿಸದೆ ಇತರ ಕುಂಡದ ಗಿಡಗಳಂತೆ ದಿನವೂ ಬುಡಕ್ಕೆ ನೀರು ಹಾಕುವುದು. ಗಾಳಿಯಾಡದ ಒದ್ದೆ ಮಣ್ಣಿನಲ್ಲಿ ಬೇರು ಕೊಳೆತು, ಕೊಳೆ ಕಾಂಡಕ್ಕೆ ಏರುತ್ತದೆ. ಎಲೆ ಹಸಿರಾಗಿಯೇ ಕಾಣುತ್ತಿರುವಾಗ ಗಿಡ ಒಳಗೆ ಸತ್ತಿರುವ ಸಂಭವವಿದೆ.

ಸ್ಥಳ ಮತ್ತು ಬೆಳಕು

ಬಣ್ಣವು ಬೆಳಕಿನಿಂದ ಬರುತ್ತದೆ, ಗೊಬ್ಬರದಿಂದಲ್ಲ. ಬೆಳಗಿನ ಎಳೆಬಿಸಿಲು ಎರಡು ಮೂರು ಗಂಟೆ ಬೀಳುವ ಪೂರ್ವದಿಕ್ಕಿನ ಕಿಟಕಿ ಅತ್ಯುತ್ತಮ. ಬೆಳಕು ಕಡಿಮೆಯಾದಲ್ಲಿ ಎಲೆಗಳು ಉದ್ದವಾಗಿ, ಜೋತುಬಿದ್ದು, ಹಸಿರಾಗುತ್ತವೆ. ಬಟ್ಟಲಿನ ಬಿಗಿಯೂ ಸಡಿಲಗೊಂಡು ಗಿಡ ತನ್ನ ಕಿರುಗಾತ್ರದ ಅಂದವನ್ನೇ ಕಳೆದುಕೊಳ್ಳುತ್ತದೆ. ಕೋಣೆಯ ನಡುವಿನ ಟೀಪಾಯಿಯ ಮೇಲೆ ಅಲಂಕಾರಕ್ಕೆಂದು ಇಡುವುದಾದರೆ ಕೆಲವು ದಿನಗಳ ಮಟ್ಟಿಗೆ ಇಟ್ಟು ಮತ್ತೆ ಕಿಟಕಿಗೆ ಮರಳಿಸಬೇಕು. ಮಾರ್ಚ್‌ನಿಂದ ಮೇ ವರೆಗಿನ ನಡುಹಗಲ ಬಿಸಿಲು ನೇರವಾಗಿ ಬಿದ್ದರೆ ಎಲೆಗಳ ಮೇಲೆ ಒಣಗಿದ ಬಿಳಿಚು ಕಲೆಗಳಾಗುತ್ತವೆ. ಅವು ಮತ್ತೆ ವಾಸಿಯಾಗುವುದಿಲ್ಲ. ತೆರೆದ ಬಾಲ್ಕನಿಯಲ್ಲಿ ಈ ಅವಧಿಗೆ ಶೇ. 50ರ ನೆರಳು ಪರದೆ ಸೂಕ್ತ. ರಾಯಚೂರು, ಕಲಬುರಗಿ ಭಾಗದ ಒಣ ಸೆಕೆಯಲ್ಲಿ ಇನ್ನೂ ದಟ್ಟವಾದ ನೆರಳು ಮತ್ತು ಗಾಳಿಯಲ್ಲಿ ತೇವ ಅಗತ್ಯ. ಒಳಕೋಣೆಯಲ್ಲಿದ್ದ ಗಿಡವನ್ನು ಒಮ್ಮೆಲೇ ಬಿಸಿಲಿಗೆ ಒಯ್ಯದೆ ಎರಡು ವಾರಗಳಲ್ಲಿ ಹಂತ ಹಂತವಾಗಿ ಒಗ್ಗಿಸಬೇಕು.

ಉಷ್ಣಾಂಶ 18ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಬೆಳವಣಿಗೆ ಚೆನ್ನಾಗಿರುತ್ತದೆ. 10 ಡಿಗ್ರಿಗಿಂತ ಕೆಳಗಿಳಿಯುವ ರಾತ್ರಿಗಳಲ್ಲಿ ಬಟ್ಟಲನ್ನು ಬರಿದು ಮಾಡಿ ಗಿಡವನ್ನು ಒಳಗಿಡುವುದು ಕ್ಷೇಮ. ಹವಾನಿಯಂತ್ರಕದ ಗಾಳಿ ನೇರವಾಗಿ ತಗಲುವ ಜಾಗ ಎಲೆತುದಿಗಳನ್ನು ಒಣಗಿಸುತ್ತದೆ.

ಕುಂಡ ಮತ್ತು ಬೆಳೆಯುವ ಮಾಧ್ಯಮ

8ರಿಂದ 10 ಸೆಂ.ಮೀ. ಅಗಲದ, ತಳದಲ್ಲಿ ಸಾಕಷ್ಟು ರಂಧ್ರಗಳುಳ್ಳ ಕುಂಡ ಸಾಕು. ದೊಡ್ಡ ಕುಂಡದಲ್ಲಿ ತೇವ ಹೆಚ್ಚು ಕಾಲ ನಿಂತು ಹಾನಿ ಮಾಡುತ್ತದೆ. ಕೆಂಪು ಮಣ್ಣು, ಹೊಲದ ಮಣ್ಣು, ಹಸಿ ಸಗಣಿ ಗೊಬ್ಬರ ಬಳಸಬಾರದು. ತೆಂಗಿನ ಮಟ್ಟೆಯ ಸಣ್ಣ ತುಣುಕು, ಇದ್ದಿಲು ಮತ್ತು ಇಟ್ಟಿಗೆ ಚೂರುಗಳನ್ನು ಸಮಪ್ರಮಾಣದಲ್ಲಿ ಬೆರೆಸಿ, ಚೆನ್ನಾಗಿ ಕಳಿತ ಎಲೆಗೊಬ್ಬರವನ್ನು ಒಂದು ಹಿಡಿ ಸೇರಿಸಿದರೆ ಉತ್ತಮ ಮಾಧ್ಯಮ ಸಿದ್ಧವಾಗುತ್ತದೆ. ತೆಂಗಿನ ಮಟ್ಟೆಯಲ್ಲಿ ಉಪ್ಪಿನಂಶ ಇರುವುದರಿಂದ ಎರಡು ಮೂರು ಬಾರಿ ನೀರು ಬದಲಿಸಿ ನೆನೆಸಿ ತೊಳೆದ ನಂತರವೇ ಬಳಸತಕ್ಕದ್ದು. ಗಿಡವನ್ನು ಆಳವಾಗಿ ಹೂಳದೆ, ಕೆಳಗಿನ ಎಲೆಗಳ ಬುಡವು ಮಾಧ್ಯಮದ ಮೇಲೆಯೇ ಇರುವಂತೆ ನೆಡಬೇಕು.

ಕಾಫಿ ಗಿಡದ ಒಣ ಕಾಂಡ ಅಥವಾ ಗಟ್ಟಿ ತೊಗಟೆಯ ಕೊಂಬೆಗೆ ಕಟ್ಟಿ ಬೆಳೆಸುವುದು ಇವುಗಳ ಸಹಜ ರೀತಿಗೆ ಹತ್ತಿರವಾದುದು ಮತ್ತು ನೋಡಲೂ ಸೊಗಸು. ಬೇರು ಹಿಡಿಯುವವರೆಗೆ ಗಿಡ ಅಲುಗಾಡದಂತೆ ನೈಲಾನ್ ದಾರದಿಂದ ಬಿಗಿಯಬೇಕು. ತಾಮ್ರದ ತಂತಿಯನ್ನು ಯಾವ ಕಾರಣಕ್ಕೂ ಬಳಸಬಾರದು. ಇದಕ್ಕೆ ಕಾರಣವನ್ನು ಮುಂದೆ ವಿವರಿಸಿದೆ.

ನೀರು

ಬಟ್ಟಲಿನಲ್ಲಿ ಸ್ವಲ್ಪ ನೀರು, ಮಾಧ್ಯಮದಲ್ಲಿ ಅಲ್ಪ ತೇವ, ಇಷ್ಟೇ ನಿಯಮ. ಬಟ್ಟಲನ್ನು ಅಂಚಿನವರೆಗೆ ತುಂಬುವ ಅಗತ್ಯವಿಲ್ಲ. ಮೂರನೇ ಒಂದು ಭಾಗ ಸಾಕು. ಮಾಧ್ಯಮಕ್ಕೆ ಅದು ಬಹುತೇಕ ಒಣಗಿದ ನಂತರ ಮಾತ್ರ, ಬೇಸಿಗೆಯಲ್ಲಿ ಸುಮಾರು ವಾರಕ್ಕೊಮ್ಮೆ, ಮಳೆಗಾಲ ಮತ್ತು ಚಳಿಗಾಲದಲ್ಲಿ ಅದಕ್ಕಿಂತ ವಿರಳವಾಗಿ ನೀರು ಕೊಡಬೇಕು. ಬೆಳಕು ಕಡಿಮೆ ಇರುವ ಮನೆಗಳಲ್ಲಿ ಬಟ್ಟಲನ್ನು ಖಾಲಿಯಾಗಿಯೇ ಇಟ್ಟು, ಮಾಧ್ಯಮವನ್ನು ಹದವಾದ ತೇವದಲ್ಲಿರಿಸಿ ಎಲೆಗಳಿಗೆ ಆಗಾಗ ತುಂತುರು ಸಿಂಪಡಿಸಿದರೂ ಗಿಡ ಬದುಕುತ್ತದೆ. ಸೊಳ್ಳೆಯ ಹಾವಳಿ ಇರುವ ಬಡಾವಣೆಗಳಿಗೆ ಈ ಕ್ರಮವೇ ಹೆಚ್ಚು ಯೋಗ್ಯ.

ನೀರಿನ ಗುಣಮಟ್ಟವೂ ಮುಖ್ಯ. ಕೊಳವೆಬಾವಿಯ ಗಡಸು ನೀರು ಆವಿಯಾದಾಗ ಎಲೆಗಳ ಮೇಲೆ ಬಿಳಿಯ ಲವಣದ ಪೊರೆ ಉಳಿಯುತ್ತದೆ. ಇದು ಅಂದಗೆಡಿಸುವುದಲ್ಲದೆ ನೀರು ಹೀರುವ ರೋಮಗಳನ್ನು ಮುಚ್ಚುತ್ತದೆ. ಮಳೆನೀರು ಎಲ್ಲಕ್ಕಿಂತ ಉತ್ತಮ. ಒಂದೆರಡು ಗಿಡಗಳಿಗೆ ಬೇಕಾಗುವ ನೀರು ಅತ್ಯಲ್ಪವಾದ್ದರಿಂದ ಮುಚ್ಚಳವಿರುವ ಬಾಟಲಿಗಳಲ್ಲಿ ಸಂಗ್ರಹಿಸಿಕೊಳ್ಳಬಹುದು. ಮನೆಯ ನೀರು ಶುದ್ಧೀಕರಣ ಯಂತ್ರದಿಂದ ಬರುವ ಶುದ್ಧ ನೀರನ್ನೂ ಬಳಸಬಹುದು. ಆದರೆ ಅದೇ ಯಂತ್ರ ಹೊರಬಿಡುವ ತ್ಯಾಜ್ಯ ನೀರನ್ನು ವ್ಯರ್ಥವಾಗಬಾರದೆಂದು ಈ ಗಿಡಕ್ಕೆ ಹಾಕುವುದು ಸರಿಯಲ್ಲ. ಅದರಲ್ಲಿ ಲವಣಗಳು ಸಾಂದ್ರವಾಗಿರುತ್ತವೆ.

ಸೊಳ್ಳೆ ನಿಯಂತ್ರಣ

ಬ್ರೊಮೀಲಿಯಾಡ್ ಮತ್ತು ಸೊಳ್ಳೆಯ ಸಂಬಂಧ ಬಹುಕಾಲದಿಂದ ಅಧ್ಯಯನಕ್ಕೆ ಒಳಪಟ್ಟಿದೆ. ಟ್ರಿನಿಡಾಡ್ ದ್ವೀಪದ ಕೋಕೋ ತೋಟಗಳಲ್ಲಿ ನೆರಳಿಗಾಗಿ ಬೆಳೆಸಿದ, ನಮ್ಮ ಹಾಲವಾಣದ ಜಾತಿಗೇ ಸೇರಿದ ಮರಗಳ ಮೇಲೆ ಬ್ರೊಮೀಲಿಯಾಡ್‌ಗಳು ದಟ್ಟವಾಗಿದ್ದವು. ಅವುಗಳ ನೀರಿನಲ್ಲಿ ಬೆಳೆಯುವ ಒಂದು ಬಗೆಯ ಅನಾಫಿಲಿಸ್ ಸೊಳ್ಳೆಯೇ ಅಲ್ಲಿನ ಮಲೇರಿಯಾಕ್ಕೆ ಕಾರಣವೆಂದು ಕಂಡುಬಂದಿತು. 1940ರ ದಶಕದಲ್ಲಿ ಕೊಲಿನ್ ಪಿಟೆಂಡ್ರಿ ಎಂಬ ವಿಜ್ಞಾನಿ ಅಲ್ಲಿ ಇದನ್ನು ವಿವರವಾಗಿ ಅಧ್ಯಯನ ಮಾಡಿದರು. ಮರಗಳ ಮೇಲೆ ಮೈಲುತುತ್ತದ ದ್ರಾವಣ ಸಿಂಪಡಿಸಿ ಬ್ರೊಮೀಲಿಯಾಡ್‌ಗಳನ್ನು ಕೊಲ್ಲುವ ಕ್ರಮ ಅಲ್ಲಿ ಜಾರಿಗೆ ಬಂದಿತು. ಬ್ರೊಮೀಲಿಯಾಡ್‌ಗಳನ್ನೇ ಮುಖ್ಯವಾಗಿ ಆಶ್ರಯಿಸಿರುವ ಆ ಬಗೆಯ ಅನಾಫಿಲಿಸ್ ಸೊಳ್ಳೆಗಳು ಅಮೆರಿಕ ಖಂಡಕ್ಕೆ ಸೀಮಿತವಾಗಿದ್ದು ಭಾರತದಲ್ಲಿಲ್ಲ. ಆದ್ದರಿಂದ ಮನೆಯ ಗಿಡದಿಂದ ಮಲೇರಿಯಾ ಬರುವುದೆಂಬ ಭಯಕ್ಕೆ ಆಧಾರವಿಲ್ಲ.

ಡೆಂಗಿಯ ವಿಷಯ ಬೇರೆ. ಅದನ್ನು ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆ ಮನುಷ್ಯರ ವಸತಿಯ ಸುತ್ತ, ತಿಳಿನೀರು ನಿಂತ ಸಣ್ಣ ಪಾತ್ರೆಗಳಲ್ಲಿ ಮೊಟ್ಟೆಯಿಡುತ್ತದೆ. ರಿಯೊ ಡಿ ಜನೈರೊದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬ್ರೊಮೀಲಿಯಾಡ್‌ಗಳಲ್ಲಿ ಈ ಸೊಳ್ಳೆಯ ಮರಿಹುಳುಗಳು ಅತಿ ವಿರಳವಾಗಿ ಕಂಡವು. ಅಮೆರಿಕದ ಮಯಾಮಿ ಪ್ರದೇಶದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವು ಇದಕ್ಕೆ ವಿರುದ್ಧವಾಗಿ, ಅಲಂಕಾರಕ್ಕೆ ನೆಟ್ಟ ಬ್ರೊಮೀಲಿಯಾಡ್‌ಗಳು ಈಡಿಸ್‌ನ ಮುಖ್ಯ ತಾಣಗಳೆಂದು ತೋರಿಸಿತು. ಅದಕ್ಕೂ ಮೊದಲು, 2016ರಲ್ಲಿ ಝಿಕಾ ಸೋಂಕು ಕಾಣಿಸಿಕೊಂಡಾಗ ಮಯಾಮಿ ಬೀಚ್ ನಗರಾಡಳಿತವು ಸಾರ್ವಜನಿಕ ಸ್ಥಳಗಳಿಂದ ಈ ಗಿಡಗಳನ್ನು ತೆಗೆಸಿತ್ತು. ಎರಡು ಊರುಗಳ ಫಲಿತಾಂಶ ಬೇರೆ ಬೇರೆಯಾದರೂ ಮನೆಯಲ್ಲಿ ಬೆಳೆಸುವವರು ಎಚ್ಚರಿಕೆಯ ಪಕ್ಷವನ್ನೇ ಹಿಡಿಯುವುದು ವಿವೇಕ. ಕರ್ನಾಟಕದಲ್ಲಿ 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಗೆ ಅವಕಾಶ ನೀಡುವ ಮನೆಗಳಿಗೆ ನಗರ ಪ್ರದೇಶದಲ್ಲಿ 400 ರೂ. ಹಾಗೂ ಗ್ರಾಮೀಣ ಪ್ರದೇಶದಲ್ಲಿ 200 ರೂ. ದಂಡವನ್ನು ನಿಗದಿಪಡಿಸಲಾಯಿತು.

ಗಿಡವನ್ನು ಎಸೆಯುವ ಅಗತ್ಯವಿಲ್ಲ. ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬರುವ ಹಂತ ತಲುಪಲು ಬೆಚ್ಚನೆಯ ವಾತಾವರಣದಲ್ಲಿ ಸುಮಾರು 7ರಿಂದ 10 ದಿನ ಬೇಕು. ವಾರದಲ್ಲಿ ಎರಡು ದಿನ ನಿಗದಿಪಡಿಸಿಕೊಂಡು ಬಟ್ಟಲಿನ ನೀರನ್ನು ಚೆಲ್ಲಿ ಹೊಸ ನೀರು ಹಾಕಿದರೆ ಸರಪಳಿ ಕಡಿದುಹೋಗುತ್ತದೆ. ಕಿರು ಗಿಡದ ಅನುಕೂಲವೇ ಇದು: ಕುಂಡವನ್ನು ಕೈಯಲ್ಲೆತ್ತಿ ತಲೆಕೆಳಗು ಮಾಡಿದರೆ ಕೆಲಸ ಮುಗಿಯಿತು. ಆದರೆ ಒಂದು ಸೂಕ್ಷ್ಮವನ್ನು ಮರೆಯಬಾರದು. ಈಡಿಸ್ ಮೊಟ್ಟೆಗಳು ನೀರಿನ ಮಟ್ಟದ ಮೇಲಿನ ಒದ್ದೆ ಗೋಡೆಗೆ ಅಂಟಿಕೊಂಡಿದ್ದು, ಒಣಗಿದರೂ ತಿಂಗಳುಗಟ್ಟಲೆ ಜೀವಂತವಾಗಿರುತ್ತವೆ. ಆದ್ದರಿಂದ ಚೆಲ್ಲುವುದರ ಜೊತೆಗೆ ನಲ್ಲಿಯ ರಭಸದ ಧಾರೆಯಿಂದ ಬಟ್ಟಲನ್ನೂ ಹೊರಗಿನ ಎಲೆಕಂಕುಳುಗಳನ್ನೂ ತೊಳೆಯಬೇಕು. ಗಿಡದ ಬಟ್ಟಲನ್ನು ಶ್ರದ್ಧೆಯಿಂದ ತೊಳೆದು, ಕುಂಡದ ಕೆಳಗಿನ ತಟ್ಟೆಯಲ್ಲಿ ನೀರು ನಿಲ್ಲಲು ಬಿಡುವವರು ಅನೇಕರು. ಅಪಾಯ ಅಲ್ಲಿಯೂ ಕಡಿಮೆಯಿಲ್ಲ. ತಟ್ಟೆಯಲ್ಲಿ ಮರಳು ತುಂಬುವುದು ಅಥವಾ ತಟ್ಟೆಯನ್ನೇ ತೆಗೆಯುವುದು ಸೂಕ್ತ.

ದಿನಗಟ್ಟಲೆ ಊರಿಗೆ ಹೋಗುವಾಗ ಬಟ್ಟಲನ್ನು ಬರಿದು ಮಾಡಿ, ಮಾಧ್ಯಮವನ್ನು ಒಮ್ಮೆ ನೆನೆಸಿ ಹೋದರೆ ಗಿಡ ಎರಡು ವಾರ ಸುರಕ್ಷಿತ. ತೊಳೆಯಲಾಗದಷ್ಟು ಗಿಡಗಳಿರುವಲ್ಲಿ ಸೊಳ್ಳೆಯ ಮರಿಹುಳುಗಳನ್ನು ಮಾತ್ರ ನಾಶಪಡಿಸುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಇಸ್ರೇಲೆನ್ಸಿಸ್ ಎಂಬ ಜೈವಿಕ ಉತ್ಪನ್ನವನ್ನು ಲೇಬಲ್‌ನಲ್ಲಿರುವ ಪ್ರಮಾಣದಲ್ಲಿ ಬಳಸಬಹುದು. ಅದರಿಂದ ಗಿಡಕ್ಕೆ ತೊಂದರೆಯಿಲ್ಲ. ಸೀಮೆಎಣ್ಣೆ ಅಥವಾ ಅಡುಗೆ ಎಣ್ಣೆಯ ಹನಿ ಬಿಡುವುದು ಚರಂಡಿಗೆ ಸರಿಯಾದೀತೇ ಹೊರತು ಇಲ್ಲಿ ಸಲ್ಲದು. ಎಣ್ಣೆಯ ಪದರ ರೋಮಗಳನ್ನು ಮುಚ್ಚಿ ಗಿಡವನ್ನು ಕೊಲ್ಲುತ್ತದೆ.

ತಾಮ್ರದಿಂದ ದೂರವಿರಿಸುವುದು

ಟ್ರಿನಿಡಾಡ್‌ನಲ್ಲಿ ಈ ಗಿಡಗಳನ್ನು ನಾಶಪಡಿಸಲು ಮೈಲುತುತ್ತವನ್ನು ಆರಿಸಿಕೊಂಡಿದ್ದು ಆಕಸ್ಮಿಕವಲ್ಲ. ತಾಮ್ರದ ಲವಣಗಳು ಅತ್ಯಲ್ಪ ಪ್ರಮಾಣದಲ್ಲಿಯೂ ಬ್ರೊಮೀಲಿಯಾಡ್‌ಗೆ ವಿಷ. ಎಲೆಯಿಂದ ನೇರವಾಗಿ ಹೀರುವ ಗಿಡವಾದ್ದರಿಂದ ಮಣ್ಣಿನಲ್ಲಿ ತಡೆಯಾಗುವ ಅವಕಾಶವೂ ಇಲ್ಲ. ನಮ್ಮಲ್ಲಿ ಈ ಎಚ್ಚರಿಕೆಗೆ ಹೆಚ್ಚಿನ ಮಹತ್ವವಿದೆ. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣವು ಮೈಲುತುತ್ತ ಮತ್ತು ಸುಣ್ಣದಿಂದಲೇ ತಯಾರಾಗುತ್ತದೆ. ತೋಟದ ಮನೆಯ ಜಗಲಿಯಲ್ಲಿರುವ ಗಿಡಗಳಿಗೆ ಸಿಂಪರಣೆಯ ತುಂತುರು ಗಾಳಿಯಲ್ಲಿ ತೇಲಿಬಂದು ಬೀಳದಂತೆ ಅವನ್ನು ಒಳಗಿಡಬೇಕು. ಇತರ ಹೂಗಿಡಗಳಿಗೆ ಬಳಸುವ ಕಾಪರ್ ಆಕ್ಸಿಕ್ಲೋರೈಡ್ ಶಿಲೀಂಧ್ರನಾಶಕವನ್ನೂ ಇವಕ್ಕೆ ಬಳಸಬಾರದು. ರಾತ್ರಿ ತಾಮ್ರದ ಪಾತ್ರೆಯಲ್ಲಿಟ್ಟು ಉಳಿದ ಕುಡಿಯುವ ನೀರನ್ನು ಗಿಡದ ಬಟ್ಟಲಿಗೆ ಸುರಿಯುವುದು, ತಾಮ್ರ ಅಥವಾ ಹಿತ್ತಾಳೆಯ ಹಳೆಯ ಪಾತ್ರೆಯಲ್ಲಿ ಗಿಡ ನೆಡುವುದು, ಗೆದ್ದಲು ತಡೆಯಲು ತಾಮ್ರಯುಕ್ತ ರಾಸಾಯನಿಕ ಲೇಪಿಸಿದ ಮರದ ತುಂಡಿಗೆ ಗಿಡ ಕಟ್ಟುವುದು ಇವೂ ವರ್ಜ್ಯ.

ಪೋಷಕಾಂಶ

ಹೆಚ್ಚಿನ ಗೊಬ್ಬರದಿಂದ ಈ ಗಿಡ ಕೆಡುತ್ತದೆ. ಸಾರಜನಕ ಹೆಚ್ಚಾದರೆ ಎಲೆ ಉದ್ದವಾಗಿ ಹಸಿರಾಗುತ್ತದೆ. ಬೆಳವಣಿಗೆಯ ಕಾಲದಲ್ಲಿ ತಿಂಗಳಿಗೊಮ್ಮೆ, ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು ಪ್ರತಿ ಲೀಟರ್ ನೀರಿಗೆ ಅರ್ಧ ಗ್ರಾಂ ಮೀರದಂತೆ ಕರಗಿಸಿ ಮಾಧ್ಯಮಕ್ಕೆ ಮಾತ್ರ ಹಾಕಬಹುದು. ಬಟ್ಟಲಿಗೆ ಹಾಕಿದರೆ ಪಾಚಿ ಕಟ್ಟುತ್ತದೆ. ಗೊಬ್ಬರವನ್ನೇ ಕೊಡದಿದ್ದರೂ ನಷ್ಟವೇನಿಲ್ಲ.

ಹೂ ಮತ್ತು ಕಂದುಗಳು

ನಿಯೊರೆಗೇಲಿಯಾ ಹೂವು ಆಡಂಬರದ್ದಲ್ಲ. ಬಟ್ಟಲಿನ ತಳದಲ್ಲಿ, ನೀರಿನ ಮಟ್ಟದಿಂದ ತುಸುವೇ ಮೇಲೆ, ನೀಲಿ, ನೇರಳೆ ಅಥವಾ ಬಿಳಿಯ ಪುಟ್ಟ ಹೂಗಳು ದಿನಕ್ಕೆ ಕೆಲವೇ ಅರಳುತ್ತವೆ. ಅನೇಕ ಪ್ರಭೇದಗಳಲ್ಲಿ ಈ ಸಮಯಕ್ಕೆ ನಡುವಿನ ಎಲೆಗಳು ಕೆಂಪೇರುತ್ತವೆ. ಬಾಡಿದ ಹೂ ನೀರಿನಲ್ಲಿ ಕೊಳೆತು ವಾಸನೆ ಬರುವುದರಿಂದ ಈ ಅವಧಿಯಲ್ಲಿ ಬಟ್ಟಲನ್ನು ಹೆಚ್ಚು ಬಾರಿ ತೊಳೆಯಬೇಕು.

ಒಂದು ಗಿಡ ಒಮ್ಮೆ ಮಾತ್ರ ಹೂ ಬಿಡುತ್ತದೆ. ಆ ಬಳಿಕ ಹೊಸ ಎಲೆ ಬರುವುದಿಲ್ಲ. ತಾಯಿಗಿಡ ಒಂದು ಅಥವಾ ಎರಡು ವರ್ಷಗಳಲ್ಲಿ ಹೊರಗಿನ ಎಲೆಯಿಂದ ಆರಂಭಿಸಿ ನಿಧಾನವಾಗಿ ಒಣಗುತ್ತದೆ. ಗಿಡ ಸತ್ತಿತೆಂದು ಈ ಹಂತದಲ್ಲಿ ಕಿತ್ತು ಬಿಸಾಡುವವರೇ ಹೆಚ್ಚು. ವಾಸ್ತವದಲ್ಲಿ ಗಿಡ ತನ್ನಲ್ಲಿ ಉಳಿದ ಶಕ್ತಿಯನ್ನು ಕಂದುಗಳಿಗೆ ಸಾಗಿಸುತ್ತಿರುವ ಕಾಲವಿದು. ಕಿರು ತಳಿಗಳಲ್ಲಿ ಕಂದು ಬುಡಕ್ಕೆ ಅಂಟಿಕೊಂಡು ಬರದೆ, ಗಟ್ಟಿಯಾದ ಹಂಬಿನ ತುದಿಯಲ್ಲಿ ಕೆಲವು ಸೆಂಟಿಮೀಟರ್ ದೂರದಲ್ಲಿ ಮೂಡುವುದು ಸಾಮಾನ್ಯ. ಅದು ತಾಯಿಗಿಡದ ಅರ್ಧದಷ್ಟು ಬೆಳೆದು ತನ್ನದೇ ಬಟ್ಟಲು ರಚಿಸಿಕೊಂಡ ನಂತರ ಹರಿತವಾದ, ಶುದ್ಧಗೊಳಿಸಿದ ಚಾಕುವಿನಿಂದ ಹಂಬನ್ನು ತಾಯಿಗಿಡದ ಬಳಿ ಕತ್ತರಿಸಿ, ಗಾಯ ಒಣಗಲು ಒಂದು ದಿನ ನೆರಳಿನಲ್ಲಿಟ್ಟು ನೆಡಬೇಕು. ಅವಸರದಿಂದ ಚಿಕ್ಕದಿರುವಾಗಲೇ ಬೇರ್ಪಡಿಸಿದ ಕಂದುಗಳು ಬಹುಪಾಲು ಒಣಗುತ್ತವೆ. ಬೇರ್ಪಡಿಸಲೇಬೇಕೆಂದೂ ಇಲ್ಲ. ಹಾಗೆಯೇ ಬಿಟ್ಟರೆ ಕೆಲವು ವರ್ಷಗಳಲ್ಲಿ ಕುಂಡದ ಅಂಚನ್ನು ದಾಟಿ ಇಳಿಬೀಳುವ ಹಿಂಡಾಗುತ್ತದೆ, ಮತ್ತು ಈ ರೂಪದಲ್ಲಿಯೇ ಕಿರು ಬ್ರೊಮೀಲಿಯಾಡ್ ಅತ್ಯಂತ ಸುಂದರ.

ಬಲಿತ ಗಿಡ ಹೂ ಬಿಡದಿದ್ದಲ್ಲಿ ಮಾಗಿದ ಸೇಬು ಹಣ್ಣಿನೊಂದಿಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ, ಬಟ್ಟಲು ಬರಿದು ಮಾಡಿ, ಬಿಸಿಲು ತಗಲದೆಡೆ ಒಂದು ವಾರ ಮುಚ್ಚಿಡುವ ಕ್ರಮವಿದೆ. ಹಣ್ಣು ಹೊರಸೂಸುವ ಎಥಿಲೀನ್ ಅನಿಲ ಹೂವನ್ನು ಪ್ರಚೋದಿಸುತ್ತದೆ. ಅನಾನಸ್ ಬೆಳೆಗಾರರು ಏಕಕಾಲದ ಫಸಲಿಗಾಗಿ ಎಥೆಫಾನ್ ಬಳಸುವುದೂ ಇದೇ ತತ್ತ್ವದ ಮೇಲೆ. ಕಿರು ನಿಯೊರೆಗೇಲಿಯಾ ಎಲೆಗಾಗಿಯೇ ಬೆಳೆಸುವ ಗಿಡವಾದ್ದರಿಂದ ಹೂವಿಗೆ ಅವಸರಪಡಿಸಿ ಅದರ ಆಯುಷ್ಯ ಕಡಿಮೆ ಮಾಡುವುದರಲ್ಲಿ ಅರ್ಥವಿಲ್ಲ.

ಕೀಟ ಮತ್ತು ರೋಗ

ಶಲ್ಕ ಕೀಟ ಮತ್ತು ಹಿಟ್ಟು ತಿಗಣೆಗಳು ಎಲೆಯ ಅಡಿಭಾಗದಲ್ಲಿ ಹಾಗೂ ಎಲೆಕಂಕುಳಲ್ಲಿ ಅಡಗಿರುತ್ತವೆ. ಕೆಲವೇ ಇದ್ದಾಗ ಮೃದುವಾದ ಹಲ್ಲುಜ್ಜುವ ಬ್ರಷ್ ಅಥವಾ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ತೆಗೆದು, ನೀರಿನಿಂದ ತೊಳೆದರೆ ಸಾಕು. ಎಣ್ಣೆ ಮಿಶ್ರಿತ ಸಿಂಪರಣೆಗಳು, ಬೇವಿನೆಣ್ಣೆಯೂ ಸೇರಿದಂತೆ, ಮೇಲೆ ಹೇಳಿದ ಕಾರಣಕ್ಕೆ ಬೇಡ. ಬುಡದ ಬಳಿ ಇರುವೆಗಳ ಓಡಾಟ ಹೆಚ್ಚಿದ್ದರೆ ಈ ಕೀಟಗಳಿರುವ ಸೂಚನೆಯೆಂದು ತಿಳಿಯಬಹುದು.

ನಡುವಿನ ಎಲೆಗಳನ್ನು ಮೆಲ್ಲನೆ ಎಳೆದಾಗ ಬುಡಸಹಿತ ಕೈಗೆ ಬಂದು ದುರ್ವಾಸನೆ ಬೀರಿದರೆ ಅದು ಸುಳಿ ಕೊಳೆ. ಆ ಗಿಡ ಮತ್ತೆ ಮುಂದೆ ಬೆಳೆಯದು. ಆದರೂ ಕೊಳೆತ ಭಾಗವನ್ನು ತೆಗೆದು, ತೊಳೆದು, ಗಾಳಿ ಬೆಳಕಿರುವಲ್ಲಿ ಒಣಗಿಸಿ, ಬಟ್ಟಲಿಗೆ ನೀರು ಹಾಕದೆ ಇರಿಸಿದಲ್ಲಿ, ಕಾಂಡ ಗಟ್ಟಿಯಾಗಿದ್ದರೆ ಬುಡದಿಂದ ಕಂದು ಹೊರಡುವ ಸಾಧ್ಯತೆ ಚೆನ್ನಾಗಿಯೇ ಇದೆ. ಎರಡು ಮೂರು ತಿಂಗಳು ಕಾಯುವುದು ಸೂಕ್ತ.

ಎಲೆಯ ಅಂಚಿನಲ್ಲಿ ಸಣ್ಣ ಮುಳ್ಳುಗಳಿರುವುದರಿಂದ ಮಕ್ಕಳ ಕೈಗೆಟುಕದೆಡೆ ಇಡುವುದು ಲೇಸು. ನಾಯಿ, ಬೆಕ್ಕುಗಳಿಗೆ ಈ ಗಿಡ ವಿಷಕಾರಿಯಲ್ಲ. ಕೊಳ್ಳುವಾಗ ನಡುಬಟ್ಟಲು ಗಟ್ಟಿಯಾಗಿದೆಯೇ, ಇನ್ನೂ ಹೂ ಬಿಟ್ಟಿಲ್ಲವೇ, ಎಲೆಯಡಿ ಕೀಟಗಳಿಲ್ಲವೇ ಎಂದು ಪರೀಕ್ಷಿಸಿ, ಮನೆಗೆ ತಂದ ದಿನವೇ ಬಟ್ಟಲಿನ ಹಳೆಯ ನೀರನ್ನು ಚೆಲ್ಲಿ ತೊಳೆಯಬೇಕು. ಗಿಡದಲ್ಲಿ ವಿಶೇಷ ತೊಂದರೆಗಳು ಕಂಡುಬಂದಲ್ಲಿ ಸಂಬಂಧಪಟ್ಟ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದು.